ಓದುಗರ ಪ್ರಶ್ನೆ: ಭೂಮಿಗಾಗಿ ಓದಬೇಕೆನ್ನುವವರು ಏನನ್ನು ಓದಬೇಕು?

ದ್ವಿತೀಯ ಪಿಯುಸಿ ಮುಗಿಸಿ ಮುಂದಿನ ಕಾಲೇಜನ್ನು ಹುಡುಕುತ್ತಿರುವವರ ಪತ್ರಗಳು ಈ ಬಾರಿ ಹೆಚ್ಚಾಗಿ ಬಂದಿವೆ. ಅವುಗಳ ಪೈಕಿ ಕೊಡಗಿನಿಂದ ಬಂದ ಕೆಲವು ಪತ್ರಗಳು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಕೇಳುತ್ತಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ. ಮಳೆ, ಮಣ್ಣು, ಕಾಡು, ಹೊಳೆ ಎಲ್ಲವೂ ಸಂಕಟದಲ್ಲಿರುವ ಈ ಕಾಲದಲ್ಲಿ ಅವುಗಳ ಸೇವೆಗೆ ನಮ್ಮನ್ನು ಸಿದ್ಧಪಡಿಸುವ ಓದು ಯಾವುದು ಎಂಬುದು ಆ ವಿಷಯ. ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಮ್ಮ ಊರು ಮಕ್ಕಂದೂರಿನ ಹತ್ತಿರ. 2018ರ ಆಗಸ್ಟ್‌ನಲ್ಲಿ ಬರೆ (ಗುಡ್ಡದ ಕಡಿದಾದ ಇಳಿಜಾರು) ಕುಸಿದು ನಮ್ಮ ಅಜ್ಜಿಯ ತೋಟದ ಒಂದು ಭಾಗ ಹೊಳೆಯ ಪಾಲಾಯಿತು. ಆಗ ನಾನು ಐದನೇ ತರಗತಿಯಲ್ಲಿದ್ದೆ. ಈಗ ಪಿಯುಸಿಯಲ್ಲಿ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ಓದಿ ಮುಗಿಸಿದ್ದೇನೆ. ಭೂಮಿಗೆ ಉಪಯೋಗವಾಗುವುದನ್ನೇ ಓದಬೇಕೆಂದು ನನ್ನ ಆಸೆ. ಮನೆಯಲ್ಲಿ ನರ್ಸಿಂಗ್ ಇಲ್ಲವೇ ಕಂಪ್ಯೂಟರ್ ಎಂಜಿನಿಯರಿಂಗ್ ಎನ್ನುತ್ತಿದ್ದಾರೆ. ಪರಿಸರ ಎಂಬ ಹೆಸರು ಹೊತ್ತ ಪದವಿಗಳು ಹಲವು ಕಡೆ ಇವೆ. ಯಾವುದನ್ನು ನಂಬಿ ಸೇರಬೇಕು?

ಉತ್ತರ: ಪದವಿಯ ಹೆಸರನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ನಿಮ್ಮ ಅಜ್ಜಿಯ ತೋಟದ ಆ ಬರೆಯಿಂದಲೇ ಆರಂಭಿಸೋಣ. ಕೊಡಗಿನ ಆ ಭಾಗದ ಇಳಿಜಾರುಗಳಲ್ಲಿ ಗಟ್ಟಿ ಬಂಡೆಯ ಮೇಲೆ ಸಾವಿರಾರು ವರ್ಷಗಳಿಂದ ಶಿಥಿಲಗೊಂಡ ಮಣ್ಣಿನ ದಪ್ಪ ಪದರವಿದೆ. ವಾರಗಟ್ಟಲೆ ಬಿಡದೆ ಮಳೆ ಸುರಿದಾಗ ನೀರು ಆ ಪದರದೊಳಗೆ ಇಳಿದು, ಕೆಳಗಿನ ಬಂಡೆಯನ್ನು ದಾಟಲಾಗದೆ ಅಲ್ಲಿಯೇ ತುಂಬಿಕೊಳ್ಳುತ್ತದೆ. ಮಣ್ಣಿನ ಕಣಗಳ ನಡುವಿನ ನೀರಿನ ಒತ್ತಡ ಹೆಚ್ಚಿದಂತೆ ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಅಂಥ ಇಳಿಜಾರಿನ ಬುಡವನ್ನು ರಸ್ತೆಗೋ ಮನೆಗೋ ಹೋಂಸ್ಟೇಗೋ ನೇರವಾಗಿ ಕಡಿದಿದ್ದರೆ, ಮೇಲಿನ ಮಣ್ಣಿಗೆ ಆಧಾರವೇ ಉಳಿಯುವುದಿಲ್ಲ. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಅತಿಮಳೆಯ ಜೊತೆಗೆ ಮನುಷ್ಯರು ಇಳಿಜಾರನ್ನು ಕಡಿದು ಬದಲಿಸಿದ್ದನ್ನೂ ಕಾರಣವಾಗಿ ಹೇಳಿತು. ಮರುವರ್ಷ ತೋರ ಎಂಬ ಊರಿನಲ್ಲಿ, ಅದರ ಮರುವರ್ಷ ತಲಕಾವೇರಿಯ ಗಜಗಿರಿಯಲ್ಲಿ ಗುಡ್ಡಗಳು ಕುಸಿದು ಜನ ಸತ್ತರು.

ಈಗ ನೋಡಿ, ಈ ಒಂದು ಬರೆಯನ್ನು ಅರ್ಥಮಾಡಿಕೊಳ್ಳಲು ಎಷ್ಟು ಜನ ಬೇಕು! ಮಣ್ಣಿನ ಕೆಳಗೆ ಏನಿದೆ ಎಂದು ಹೇಳಲು ಭೂವಿಜ್ಞಾನಿ ಬೇಕು. ನೀರನ್ನು ಸುರಕ್ಷಿತವಾಗಿ ಕೆಳಗಿಳಿಸುವ ಚರಂಡಿಯನ್ನೂ ತಡೆಗೋಡೆಯನ್ನೂ ವಿನ್ಯಾಸ ಮಾಡಲು ಸಿವಿಲ್ ಎಂಜಿನಿಯರ್ ಬೇಕು. ತಡೆಗೋಡೆಯಲ್ಲಿ ನೀರು ಹೊರಬೀಳಲು ಕೊಳವೆಗಳನ್ನು ಬಿಡದಿದ್ದರೆ ಗೋಡೆಯೇ ನೀರನ್ನು ಕಟ್ಟಿಹಾಕಿ ಬೀಳುತ್ತದೆ ಎಂಬ ಸಣ್ಣ ಸಂಗತಿಯನ್ನು ಕೆಲಸದ ಸ್ಥಳದಲ್ಲಿ ನಿಂತು ಮಾಡಿಸುವವರು ಬೇಕು. ಯಾವ ಮರದ ಬೇರು ಎಷ್ಟು ಆಳಕ್ಕೆ ಹೋಗುತ್ತದೆ ಎಂದು ಬಲ್ಲ ಅರಣ್ಯಶಾಸ್ತ್ರಜ್ಞರು ಬೇಕು, ಮಳೆಯ ಲೆಕ್ಕ ಇಟ್ಟು ಎಚ್ಚರಿಕೆ ಕೊಡುವವರು ಬೇಕು, ಆ ಎಚ್ಚರಿಕೆಯನ್ನು ನಂಬಿ ರಾತ್ರೋರಾತ್ರಿ ಜನರನ್ನು ಸ್ಥಳಾಂತರಿಸುವ ಪಂಚಾಯಿತಿ ಅಧಿಕಾರಿ ಬೇಕು. ಪರಿಹಾರ ಕೇಂದ್ರದಲ್ಲಿ ಮುದುಕರ ರಕ್ತದೊತ್ತಡದ ಮಾತ್ರೆಯನ್ನು ನೆನಪಿಟ್ಟುಕೊಳ್ಳುವ ನರ್ಸ್ ಕೂಡ ಬೇಕು. ಆದ್ದರಿಂದ ನಿಮ್ಮ ಮನೆಯವರ ಸಲಹೆಯನ್ನು ಭೂಮಿಗೆ ವಿರುದ್ಧವಾದದ್ದೆಂದು ತಿಳಿಯಬೇಡಿ. ಆದರೆ ನಿಮ್ಮ ಮನಸ್ಸು ಇರುವುದು ಮಣ್ಣಿನ ಕಡೆಗೆ ಎಂಬುದು ಪತ್ರದಲ್ಲಿ ಸ್ಪಷ್ಟವಾಗಿರುವುದರಿಂದ ಆ ಕಡೆಯೇ ಹೋಗಬೇಕೆಂದು ನನ್ನ ಅಭಿಪ್ರಾಯ.

ನಾನು ಇಲ್ಲಿ ಒತ್ತಿ ಹೇಳಬೇಕಾದದ್ದು ಒಂದಿದೆ. ಮೊದಲ ಪದವಿಯಲ್ಲಿ ಒಂದು ವಿದ್ಯೆಯನ್ನು ಗಟ್ಟಿಯಾಗಿ ಕಲಿಯಿರಿ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹೇಳಿಕೊಡುವ ಪರಿಸರ ವಿಜ್ಞಾನದ ಪದವಿಯನ್ನು ನಾನು ಮೊದಲ ಪದವಿಯಾಗಿ ಅಷ್ಟು ಸುಲಭವಾಗಿ ಶಿಫಾರಸು ಮಾಡಲಾರೆ. ಭೂವಿಜ್ಞಾನವೋ ಸಸ್ಯಶಾಸ್ತ್ರವೋ ರಸಾಯನಶಾಸ್ತ್ರವೋ ಕೈವಶವಾದ ಮೇಲೆ ಸ್ನಾತಕೋತ್ತರ ಹಂತದಲ್ಲಿ ಪರಿಸರ ವಿಜ್ಞಾನಕ್ಕೆ ಹೋದವರು, ಕ್ಷೇತ್ರಕ್ಕೆ ಕಾಲಿಟ್ಟಾಗ ಅಳೆಯಲು ಬಲ್ಲವರಾಗಿರುತ್ತಾರೆ. ಸುಮ್ಮನೆ ಕಾಳಜಿ ಇರುವವರು ಕೊಡಗಿನಲ್ಲಿ ಕಡಿಮೆಯಿಲ್ಲ. ಅಳೆದು, ಬರೆದು, ಅಧಿಕಾರಿಯ ಮೇಜಿನ ಮೇಲೆ ಆಧಾರಸಹಿತ ಇಡಬಲ್ಲವರು ಕಡಿಮೆ.

ನಿಮ್ಮ ಮುಂದೆ ಮೂರು ದಾರಿಗಳು ಕಾಣುತ್ತವೆ. ಭೂವಿಜ್ಞಾನ ಒಂದು ವಿಷಯವಾಗಿರುವ ಬಿಎಸ್ಸಿ ಮಾಡಿ, ಬಳಿಕ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಂಥ ಕಡೆ ಎಂಎಸ್ಸಿ ಮುಗಿಸಿದರೆ ಕೇಂದ್ರ ಲೋಕಸೇವಾ ಆಯೋಗದ ಭೂವಿಜ್ಞಾನಿಗಳ ಪರೀಕ್ಷೆ ಬರೆಯಬಹುದು. ಅದರ ಮೂಲಕ ಸೇರುವುದು ಮೇಲೆ ಹೇಳಿದ ಸರ್ವೇಕ್ಷಣಾ ಸಂಸ್ಥೆಯನ್ನು. ದೇಶದ ಭೂಕುಸಿತ ಅಧ್ಯಯನದ ಹೊಣೆ ಹೊತ್ತಿರುವುದು ಅದೇ ಸಂಸ್ಥೆ. ಗಣಿತ ಇಷ್ಟವಿದ್ದರೆ ಸಿವಿಲ್ ಎಂಜಿನಿಯರಿಂಗ್ ಎರಡನೆಯ ದಾರಿ. ಮುಂದೆ ಮಣ್ಣಿನ ಎಂಜಿನಿಯರಿಂಗ್ ಅಥವಾ ಜಲವಿಜ್ಞಾನದಲ್ಲಿ ಎಂಟೆಕ್ ಮಾಡಬಹುದು. ಮೂರನೆಯದು ನಿಮ್ಮ ಜಿಲ್ಲೆಯಲ್ಲೇ ಇದೆ: ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ. ಅದರ ಬಗ್ಗೆ ಮುಂದಿನ ಪತ್ರದಲ್ಲಿ ವಿವರವಾಗಿ ಬರೆದಿದ್ದೇನೆ.

ಕಾಲೇಜನ್ನು ಆರಿಸುವಾಗ ಕರಪತ್ರದ ಹಸಿರು ಚಿತ್ರಗಳನ್ನು ನೋಡಿ ತೀರ್ಮಾನ ಮಾಡಬೇಡಿ. ಒಂದು ದಿನ ಬಿಡುವು ಮಾಡಿಕೊಂಡು ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಕಾಲೇಜಿಗೇ ಹೋಗಿ. ಗ್ರಂಥಾಲಯದಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳ ಯೋಜನಾ ವರದಿಗಳನ್ನು ಕೇಳಿ ತೆಗೆಸಿ, ನಾಲ್ಕೈದನ್ನು ಬಿಡಿಸಿ ನೋಡಿ. ಆ ವರದಿಯಲ್ಲಿ ಇಂಥ ಊರು, ಇಂಥ ತೋಡು, ಇಂಥ ತಿಂಗಳಲ್ಲಿ ತೆಗೆದ ಮಣ್ಣಿನ ಮಾದರಿ ಎಂದು ಇದೆಯೇ, ಅವರೇ ಅಳೆದ ಅಂಕಿಗಳ ಕೋಷ್ಟಕ ಇದೆಯೇ, ಅಥವಾ ಪ್ರಪಂಚದ ತಾಪಮಾನದ ಬಗ್ಗೆ ಎಲ್ಲಿಂದಲೋ ಇಳಿಸಿಕೊಂಡ ಪುಟಗಳು ಮಾತ್ರ ಇವೆಯೇ? ಆ ವರದಿಗಳು ಕಾಲೇಜಿನ ಬಗ್ಗೆ ಪ್ರಾಂಶುಪಾಲರಿಗಿಂತ ಹೆಚ್ಚು ನಿಜವನ್ನು ಹೇಳುತ್ತವೆ. ಹಾಸ್ಟೆಲಿನ ಹಿರಿಯ ವಿದ್ಯಾರ್ಥಿನಿಯರನ್ನು ಮಾತನಾಡಿಸಿ, ಕಳೆದ ಸೆಮಿಸ್ಟರಿನಲ್ಲಿ ಎಷ್ಟು ದಿನ ಹೊರಗಡೆ ಕೆಲಸ ಮಾಡಿದಿರಿ, ಉಪಕರಣಗಳನ್ನು ನೀವೇ ಮುಟ್ಟಿ ಬಳಸಿದಿರಾ ಎಂದು ಕೇಳಿ. ಹಿಂದಿನ ಮೂರು ತಂಡದವರು ಈಗ ಎಲ್ಲಿದ್ದಾರೆ ಎಂದು ಕೇಳಿ. ಉತ್ತರ ಹೇಳಲು ತಡವರಿಸಿದರೆ ಅದನ್ನೂ ಗಮನಿಸಿ.

ಒಂದು ಮಾತನ್ನು ಸೇರಿಸುತ್ತೇನೆ. ಪರಿಸರದ ಪರ ವಾದಿಸುವ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿ ನೀಡಿದ ತೀರ್ಪಿನ ಫಲವಾಗಿ ಯಾವ ಪದವಿ ಓದುವವರಿಗೂ ಪರಿಸರ ಅಧ್ಯಯನದ ಪತ್ರಿಕೆ ಬಂದಿದೆ. ಬಹಳ ಕಡೆ ಅದನ್ನು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ ಮುಗಿಸುತ್ತಾರೆ. ನೀವು ಹಾಗೆ ಮಾಡಬೇಡಿ. ನಿಮ್ಮ ಊರಿನ ಹಳೆಯ ತೋಟದ ಮನೆಗಳಲ್ಲಿ ಮಳೆಮಾಪಕವೂ ಅದರ ಪಕ್ಕದಲ್ಲಿ ನೋಟ್‌ಪುಸ್ತಕವೂ ಇರುತ್ತವೆ. ಬೆಳಗ್ಗೆ ಎದ್ದು ನೀರನ್ನು ಅಳೆದು ಇಷ್ಟು ಇಂಚು, ಇಷ್ಟು ಸೆಂಟು ಎಂದು ಬರೆದಿಡುವ ರೂಢಿ ಕೆಲವು ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ನಿಮ್ಮ ಗ್ರಾಮದ ಎರಡು ಮೂರು ಮನೆಗಳ ಅಂಥ ಪುಸ್ತಕಗಳನ್ನು ಅನುಮತಿ ಪಡೆದು ನಕಲು ಮಾಡಿಕೊಂಡು, ತಿಂಗಳುವಾರು ಕೋಷ್ಟಕ ಹಾಕಿ ನೋಡಿ. ಒಟ್ಟು ಮಳೆ ಬದಲಾಗಿದೆಯೇ, ಅಥವಾ ಅದೇ ಮಳೆ ಕಡಿಮೆ ದಿನಗಳಲ್ಲಿ ಸುರಿಯುತ್ತಿದೆಯೇ ಎಂಬ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಬಹುದು. ಕಾಲೇಜು ಆರಂಭವಾಗುವ ಮೊದಲೇ ಮಾಡಬಹುದಾದ ಕೆಲಸವಿದು. ಇದರಲ್ಲಿ ನಿಮಗೆ ಬೇಸರ ಬಾರದೆ ಹೊತ್ತು ಹೋದದ್ದೇ ತಿಳಿಯದಿದ್ದರೆ, ವಿಜ್ಞಾನದ ದಾರಿ ನಿಮ್ಮದೇ ಎಂದು ಧೈರ್ಯವಾಗಿ ಹೇಳಬಲ್ಲೆ.

ಪ್ರಶ್ನೆ: ನಾನು ನಾಪೋಕ್ಲು ಕಡೆಯ ಕಾಫಿ ಬೆಳೆಗಾರ. ಮಗಳು ಅರಣ್ಯ ವಿಜ್ಞಾನವನ್ನೇ ಓದುತ್ತೇನೆಂದು ಹಠ ಹಿಡಿದಿದ್ದಾಳೆ. ಅವಳ ಆಸಕ್ತಿಯನ್ನು ತಡೆಯುವ ಮನಸ್ಸು ನನಗಿಲ್ಲ. ಆದರೆ ನಮ್ಮದು ಸಣ್ಣ ತೋಟ. ಆ ಓದಿನಿಂದ ಅವಳ ಜೀವನ ನಡೆಯುತ್ತದೆಯೇ?

ಉತ್ತರ: ತಂದೆಯಾಗಿ ತಾವು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ 1995ರಲ್ಲಿ ಆರಂಭವಾಯಿತು. ಈಗ ಅದು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿದೆ. ಅದು ಬಿಟ್ಟರೆ ರಾಜ್ಯದಲ್ಲಿ ಈ ಪದವಿಗೆ ಹೆಸರಾದದ್ದು ಶಿರಸಿಯ ಕಾಲೇಜು. ನಾಲ್ಕು ವರ್ಷದ ಪದವಿ. ಪ್ರವೇಶ ಸಿಇಟಿಯ ಮೂಲಕ. ಪಿಯುಸಿಯಲ್ಲಿ ಜೀವಶಾಸ್ತ್ರ ಇರಬೇಕು. ಕೃಷಿಕರ ಮಕ್ಕಳಿಗೆ ಸೀಟುಗಳ ಒಂದು ಪಾಲು ಮೀಸಲಿದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯನ್ನು ಪ್ರತ್ಯೇಕವಾಗಿ ಬರೆಯಬೇಕಾಗುತ್ತದೆ. ತೋಟದ ದಾಖಲೆಗಳನ್ನೂ ಕೃಷಿ ಆದಾಯದ ಪ್ರಮಾಣಪತ್ರವನ್ನೂ ಕೊನೆಯ ಗಳಿಗೆಗೆ ಬಿಡದೆ ಈಗಲೇ ಮಾಡಿಸಿಡಿ. ಎಷ್ಟೋ ಮಕ್ಕಳು ಕಾಗದ ಇಲ್ಲದೆ ಈ ಪಾಲನ್ನು ಕಳೆದುಕೊಳ್ಳುತ್ತಾರೆ. ಸರ್ಕಾರಿ ಕಾಲೇಜಾದ್ದರಿಂದ ಶುಲ್ಕ ಖಾಸಗಿ ಎಂಜಿನಿಯರಿಂಗ್ ಸೀಟಿಗಿಂತ ಬಹಳ ಕಡಿಮೆ; ಈ ಓದಿಗಾಗಿ ತೋಟವನ್ನು ಅಡವಿಡುವ ಪ್ರಸಂಗ ಬರಲಾರದು.

ಉದ್ಯೋಗದ ವಿಷಯದಲ್ಲಿ ಬಣ್ಣ ಹಚ್ಚದೆ ಹೇಳುತ್ತೇನೆ. ರಾಜ್ಯ ಅರಣ್ಯ ಇಲಾಖೆಯ ವಲಯ ಅರಣ್ಯಾಧಿಕಾರಿ ಮತ್ತು ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಹುದ್ದೆಗಳಲ್ಲಿ ಒಂದು ಪಾಲು ಅರಣ್ಯ ವಿಜ್ಞಾನದ ಪದವೀಧರರಿಗೆ ಮೀಸಲಿದೆ. ಆ ಪಾಲು ಎಷ್ಟಿರಬೇಕೆಂಬುದರ ಬಗ್ಗೆ ವಿದ್ಯಾರ್ಥಿಗಳು ಬೀದಿಗಿಳಿದು ಹೋರಾಡಿದ್ದೂ ಉಂಟು. ನೇಮಕಾತಿ ವರ್ಷ ವರ್ಷ ನಡೆಯುವುದಿಲ್ಲ. ಕೇಂದ್ರದ ಭಾರತೀಯ ಅರಣ್ಯ ಸೇವೆಯ ಪರೀಕ್ಷೆಯನ್ನು ಅರಣ್ಯ ವಿಜ್ಞಾನದವರೂ ಬರೆಯಬಹುದು, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೂವಿಜ್ಞಾನ, ಕೃಷಿ, ಎಂಜಿನಿಯರಿಂಗ್ ಓದಿದವರೂ ಬರೆಯಬಹುದು. ಅಲ್ಲಿ ಸ್ಪರ್ಧೆ ತೀವ್ರ. ಕಾಕಿ ಸಮವಸ್ತ್ರವೊಂದನ್ನೇ ನೆಚ್ಚಿಕೊಂಡು ಈ ಓದಿಗೆ ಸೇರಿದವರು ನಡುವೆ ಕೆಲವು ವರ್ಷ ಕಾಯುತ್ತ ಕೂರಬೇಕಾಗಬಹುದು. ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆ, ಸಂಶೋಧನಾ ಸಂಸ್ಥೆಗಳು, ನರ್ಸರಿ, ಕೃಷಿ ಅರಣ್ಯದ ಯೋಜನೆಗಳು ಮತ್ತು ಎಂಎಸ್ಸಿ ಇವೆಲ್ಲವನ್ನೂ ಮೊದಲ ದಿನದಿಂದಲೇ ಗಮನದಲ್ಲಿಟ್ಟುಕೊಂಡಿರಬೇಕು.

ಇದೆಲ್ಲದರ ಆಚೆಗೆ, ತಮ್ಮ ತೋಟಕ್ಕೇ ಆ ಓದು ಬೇಕಾಗಿದೆ ಎಂಬುದನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಡಗಿನದು, ಅದೂ ಮರದ ನೆರಳಿನಲ್ಲಿ ಬೆಳೆದದ್ದು. ಅತ್ತಿ, ಹಲಸು, ನಂದಿ, ಮತ್ತಿ, ಬೀಟೆ ಇದ್ದ ಕಡೆ ಸಿಲ್ವರ್ ಓಕ್ ಹೆಚ್ಚುತ್ತಾ ಬಂದಂತೆ ತರಗೆಲೆ, ಹಕ್ಕಿ, ಜೇನು, ಮಣ್ಣಿನ ತೇವ ಎಲ್ಲವೂ ಬದಲಾಗುತ್ತವೆ. ಯಾವ ಮರವನ್ನು ಎಷ್ಟು ಉಳಿಸಬೇಕು, ಎಷ್ಟು ಕೊಂಬೆ ಕಪಾತು ಮಾಡಬೇಕು, ಕರಿಮೆಣಸಿಗೆ ಯಾವುದು ಆಸರೆಯಾಗಬೇಕು ಎಂಬ ಲೆಕ್ಕವನ್ನು ಶಾಸ್ತ್ರೀಯವಾಗಿ ಹೇಳಬಲ್ಲವರ ಅಗತ್ಯ ಈಗ ಮಾರುಕಟ್ಟೆಗೂ ಬಂದಿದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಪ್ಪಿದ ಅರಣ್ಯನಾಶ ತಡೆ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ಬಳಿಕ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ, ಮತ್ತು ಕಾಫಿ ಬೆಳೆದ ಜಾಗದ ಅಕ್ಷಾಂಶ ರೇಖಾಂಶಗಳನ್ನು ಕೊಡಬೇಕು. ಆ ನಿಯಮದ ಜಾರಿ ಮುಂದಕ್ಕೆ ಹೋಗುತ್ತಿದ್ದರೂ ಅದು ಹೋಗುತ್ತಿರುವ ದಿಕ್ಕು ಸ್ಪಷ್ಟವಾಗಿದೆ. ಭಾರತದ ಕಾಫಿಗೆ ಯುರೋಪ್ ದೊಡ್ಡ ಗಿರಾಕಿ. ಸಣ್ಣ ಬೆಳೆಗಾರರ ತೋಟಗಳನ್ನು ನಕ್ಷೆಗಿಳಿಸಿ, ಮರಗಳ ಎಣಿಕೆ ಮಾಡಿ, ದಾಖಲೆ ಕಟ್ಟಿಕೊಡುವ ಕೆಲಸ ಕೊಡಗಿನಲ್ಲೇ ಹುಟ್ಟುತ್ತಿದೆ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವೂ ತೋಟಗಾರಿಕಾ ಪ್ರಯೋಗ ಕೇಂದ್ರವೂ, ಅಪ್ಪಂಗಳದಲ್ಲಿ ಏಲಕ್ಕಿ ಸಂಶೋಧನೆಯ ಕೇಂದ್ರವೂ ಇವೆ. ಮಗಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ, ಅಲ್ಲಿನ ವಿಜ್ಞಾನಿಗಳ ದಿನ ಹೇಗೆ ಕಳೆಯುತ್ತದೆ ಎಂದು ಅವಳು ಕಣ್ಣಾರೆ ನೋಡಲಿ. ಆ ಮೇಲೂ ಹಠ ಹಾಗೆಯೇ ಉಳಿದರೆ ತಾವು ಹಿಂದೆ ಸರಿಯಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಪ್ರಶ್ನೆ: ನಾನು ಗೋಣಿಕೊಪ್ಪಲಿನ ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಪರಿಸರದ ಕೆಲಸ ವಿಜ್ಞಾನ ಓದಿದವರಿಗೆ ಮಾತ್ರವೇ?

ಉತ್ತರ: ಖಂಡಿತ ಅಲ್ಲ. ಮೇಲಿನ ಪತ್ರದಲ್ಲಿ ಬಂದ ಸಿಲ್ವರ್ ಓಕನ್ನೇ ತೆಗೆದುಕೊಳ್ಳಿ. ಅದು ಬೇಗ ಬೆಳೆಯುತ್ತದೆ ಎಂಬುದು ಅರ್ಧ ಕಾರಣ. ಉಳಿದರ್ಧ ಕಂದಾಯ ಕಾನೂನಿನಲ್ಲಿದೆ. ಕೊಡಗಿನ ಅನ್‌ರಿಡೀಮ್ಡ್ (ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿರದ) ಜಮೀನಿನಲ್ಲಿ ತಾನಾಗಿ ಬೆಳೆದ ಕಾಡುಮರದ ಹಕ್ಕು ಸರ್ಕಾರದ್ದು. ಮರದ ಬೆಲೆ ಕಟ್ಟಿ ರಿಡೀಮ್ಡ್ ಮಾಡಿಸಿಕೊಳ್ಳದ ಹೊರತು ಬೆಳೆಗಾರನಿಗೆ ಅದರ ಮೇಲೆ ಹಕ್ಕಿಲ್ಲ. ಸಿಲ್ವರ್ ಓಕನ್ನು ಕಡಿದು ಮಾರಲು ಅಂಥ ತೊಡಕಿಲ್ಲ. ಬೀಟೆ ಮರವನ್ನು ಸಾಕಿದವನಿಗೆ ಅದರಿಂದ ಲಾಭವಿಲ್ಲ, ಹೊರಗಿನ ಮರ ನೆಟ್ಟವನಿಗೆ ಲಾಭವಿದೆ ಎಂದಾದಾಗ ತೋಟ ಯಾವ ಕಡೆಗೆ ತಿರುಗುತ್ತದೆ ಎಂಬುದನ್ನು ತಿಳಿಯಲು ಸಸ್ಯಶಾಸ್ತ್ರ ಬೇಕಿಲ್ಲ. ಇದನ್ನು ಸರಿಪಡಿಸಬೇಕಾದವರು ಕಾನೂನು, ಅರ್ಥಶಾಸ್ತ್ರ, ಆಡಳಿತ ಬಲ್ಲವರು.

ವಾಣಿಜ್ಯ ಓದಿದವರಿಗೆ ಇನ್ನೊಂದು ದಾರಿ ತೆರೆದಿದೆ. 2022-23ರಿಂದ ಷೇರುಪೇಟೆಯ ಅಗ್ರ 1,000 ಕಂಪನಿಗಳು ತಮ್ಮ ನೀರು, ಇಂಧನ, ತ್ಯಾಜ್ಯದ ಲೆಕ್ಕವನ್ನು ಷೇರುಪೇಟೆಯ ನಿಯಂತ್ರಕ ಸೆಬಿ ಗೊತ್ತುಪಡಿಸಿದ ನಮೂನೆಯಲ್ಲಿ ಪ್ರಕಟಿಸುವುದು ಕಡ್ಡಾಯವಾಗಿದೆ. ಆ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆಯುವವರೂ ತಪಾಸಣೆ ಮಾಡುವವರೂ ಬೇಕು. ಕಾನೂನಿನ ಕಡೆ ಒಲವಿದ್ದರೆ ಪಿಯುಸಿ ಬಳಿಕದ ಐದು ವರ್ಷದ ಕಾನೂನು ಪದವಿಗೆ ಸೇರಬಹುದು. 2010ರ ಕಾಯ್ದೆಯಿಂದ ಬಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ, ಕರ್ನಾಟಕದ ಪ್ರಕರಣಗಳು ಅಲ್ಲಿಗೆ ಹೋಗುತ್ತವೆ. ಹಳ್ಳಿಯ ಆಡಳಿತ ಇಷ್ಟವಾದರೆ ಪದವಿಯ ನಂತರ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವನ್ನು ಗಮನಿಸಿ. 2016ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾಲಯದ ಕೆಲಸವೇ ಅದು. ನಾಲ್ಕು ಗದ್ದೆಗಳನ್ನು ಮಣ್ಣು ತುಂಬಿ ಬಡಾವಣೆ ಮಾಡಲು ಅನುಮತಿ ಕೇಳಿ ಬಂದ ಅರ್ಜಿಯನ್ನು, ಆ ಗದ್ದೆಗಳು ಮಳೆಗಾಲದ ನೀರನ್ನು ಹಿಡಿದಿಡುವ ಜಾಗವೆಂದು ಬಲ್ಲ ಅಧಿಕಾರಿಯೊಬ್ಬರು ಓದುವುದಕ್ಕೂ ಅದನ್ನು ಅರಿಯದವರು ಓದುವುದಕ್ಕೂ ಬಹಳ ವ್ಯತ್ಯಾಸವಿದೆ.

ಪ್ರಶ್ನೆ: ಅಮೆರಿಕದಲ್ಲಿ ಇಡೀ ಕಾಲೇಜೇ ಪರಿಸರಕ್ಕಾಗಿ ಮೀಸಲಾಗಿದೆ, ಅಲ್ಲಿ ಒಂದೇ ಪದವಿ ಇದೆ ಎಂದು ಓದಿದೆ. ನಿಜವೇ? ನಮ್ಮಲ್ಲಿ ಅಂಥದ್ದು ಇದೆಯೇ? ನನ್ನ ತಮ್ಮ ಈಗ ಹತ್ತನೇ ತರಗತಿಯಲ್ಲಿದ್ದಾನೆ. (ಮಡಿಕೇರಿಯಿಂದ)

ಉತ್ತರ: ನಿಜ. ಮೇನ್ ರಾಜ್ಯದ ಬಾರ್ ಹಾರ್ಬರ್ ಎಂಬ ಊರಿನಲ್ಲಿರುವ ಕಾಲೇಜ್ ಆಫ್ ದಿ ಅಟ್ಲಾಂಟಿಕ್ ಅಂಥದ್ದು. 1969ರಲ್ಲಿ ಸ್ಥಾಪನೆಯಾಗಿ 1972ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಆ ಕಾಲೇಜಿನಲ್ಲಿ ಇರುವುದು ಮಾನವ ಪರಿಸರಶಾಸ್ತ್ರ ಎಂಬ ಒಂದೇ ವಿಷಯದ ಪದವಿ. ವಿಭಾಗಗಳ ಗೋಡೆಗಳಿಲ್ಲ, ಕಡಲಜೀವಶಾಸ್ತ್ರ, ಕಾನೂನು, ಚಿತ್ರಕಲೆ, ಕೃಷಿ ಇವುಗಳಲ್ಲಿ ತನಗೆ ಬೇಕಾದುದನ್ನು ಪ್ರತಿ ವಿದ್ಯಾರ್ಥಿಯೂ ತಾನೇ ಜೋಡಿಸಿಕೊಂಡು ಓದಬೇಕು. ಹೊರಗೆ ಹೋಗಿ ಕೆಲಸ ಕಲಿಯುವುದೂ ಕೊನೆಯಲ್ಲಿ ಒಂದು ದೊಡ್ಡ ಸ್ವತಂತ್ರ ಯೋಜನೆಯನ್ನು ಮುಗಿಸುವುದೂ ಕಡ್ಡಾಯ. ವಿದ್ಯಾರ್ಥಿಗಳು ಒಟ್ಟು ಕೆಲವು ನೂರು ಮಂದಿ ಮಾತ್ರ.

ಅಲ್ಲಿನ ಶುಲ್ಕ ನಮ್ಮ ಸಾಮಾನ್ಯ ಕುಟುಂಬಗಳ ಕೈಗೆಟುಕುವಂಥದ್ದಲ್ಲ. ಆದರೆ ಒಂದು ದಾರಿ ಇದೆ, ಮತ್ತು ನಿಮ್ಮ ತಮ್ಮನ ವಯಸ್ಸಿಗೆ ಅದು ಸರಿಹೊಂದುತ್ತದೆ. ಪುಣೆಯ ಬಳಿ 1997ರಿಂದ ನಡೆಯುತ್ತಿರುವ ಮಹೀಂದ್ರ ಯುನೈಟೆಡ್ ವರ್ಲ್ಡ್ ಕಾಲೇಜಿನಲ್ಲಿ ಹತ್ತನೇ ತರಗತಿಯ ನಂತರ ಎರಡು ವರ್ಷ ಓದಬಹುದು, ಅರ್ಹರಿಗೆ ಆರ್ಥಿಕ ನೆರವೂ ಸಿಗುತ್ತದೆ. ಇಂಥ ಶಾಲೆಗಳಿಂದ ಹೊರಬಂದವರಿಗೆ ಅಮೆರಿಕದ ಕೆಲವು ಕಾಲೇಜುಗಳಲ್ಲಿ ಡೇವಿಸ್ ಹೆಸರಿನ ವಿದ್ಯಾರ್ಥಿವೇತನವಿದ್ದು, ಕಾಲೇಜ್ ಆಫ್ ದಿ ಅಟ್ಲಾಂಟಿಕ್ ಕೂಡ ಆ ಪಟ್ಟಿಯಲ್ಲಿದೆ. ಆಯ್ಕೆ ಕಠಿಣ. ಪ್ರಯತ್ನಿಸಿ ಸಿಗದಿದ್ದರೆ ನಷ್ಟವೇನೂ ಇಲ್ಲ.

ನಮ್ಮಲ್ಲಿ ಈ ವಿಚಾರ ಹೊಸದೂ ಅಲ್ಲ, ಹೊರಗಿನದೂ ಅಲ್ಲ. ರವೀಂದ್ರನಾಥ ಟಾಗೋರರು 1922ರಲ್ಲಿ ಶ್ರೀನಿಕೇತನವನ್ನು ಆರಂಭಿಸಿದಾಗ, ಓದು ಸುತ್ತಲಿನ ಹಳ್ಳಿಯ ಹೊಲ, ಆರೋಗ್ಯ, ಕುಶಲಕರ್ಮಗಳಿಂದ ಬೇರೆಯಾಗಿರಬಾರದು ಎಂಬುದೇ ಅದರ ಆಧಾರವಾಗಿತ್ತು. ತಮಿಳುನಾಡಿನ ದಿಂಡಿಗಲ್ ಬಳಿಯ ಗಾಂಧಿಗ್ರಾಮ ಗ್ರಾಮೀಣ ಸಂಸ್ಥೆ ಅದೇ ಜಾಡಿನಲ್ಲಿ ಬೆಳೆದು ಈಗ ವಿಶ್ವವಿದ್ಯಾಲಯದ ಮಟ್ಟದಲ್ಲಿದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಪದವಿ ಹಂತದಲ್ಲೇ ವಿಜ್ಞಾನವನ್ನೂ ಸಮಾಜವನ್ನೂ ಒಟ್ಟಿಗೆ ಓದಬಹುದು; ಕುಟುಂಬದ ಆದಾಯ ನೋಡಿ ವಿದ್ಯಾರ್ಥಿವೇತನ ಕೊಡುತ್ತಾರೆ. ವನ್ಯಜೀವಿ ಸಂಶೋಧನೆಯೇ ಬೇಕೆಂದರೆ ಪದವಿಯ ನಂತರ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲೂ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲೂ (ಎನ್‌ಸಿಬಿಎಸ್) ಎಂಎಸ್ಸಿ ಇದೆ. ಎರಡರಲ್ಲೂ ಸೀಟುಗಳು ಬೆರಳೆಣಿಕೆಯಷ್ಟು.

ಪ್ರಶ್ನೆ: ಪರಿಸರದ ಬಗ್ಗೆ ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸ್‌ಗಳಿಗೆ ಬೆಲೆ ಇದೆಯೇ? (ಕುಶಾಲನಗರದಿಂದ)

ಉತ್ತರ: ಕಲಿಯುವುದಕ್ಕೆ ಇದೆ, ಉದ್ಯೋಗಕ್ಕೆ ಅಷ್ಟಾಗಿ ಇಲ್ಲ. ಸ್ವಯಂ ಜಾಲತಾಣದಲ್ಲಿ ಕೇಂದ್ರ ಸರ್ಕಾರದ ಉಚಿತ ಪಾಠಗಳಿವೆ; ನಕ್ಷೆ ತಯಾರಿಕೆಯ ಜಿಐಎಸ್ ಮತ್ತು ಸಂಖ್ಯಾಶಾಸ್ತ್ರವನ್ನು ಅಲ್ಲಿ ಕಲಿತರೆ ಯಾವ ಪದವಿಗೂ ಬಲ ಬರುತ್ತದೆ. ದೊಡ್ಡ ಮೊತ್ತ ಕೇಳುವ ಖಾಸಗಿ ಡಿಪ್ಲೊಮಾಕ್ಕೆ ಹಣ ಕಟ್ಟುವ ಮೊದಲು ಯುಜಿಸಿ ಮಾನ್ಯತೆಯನ್ನು ನೀವೇ ಪರಿಶೀಲಿಸಿ.

ಪ್ರಶ್ನೆ: ನಾನು ತಿತಿಮತಿ ಕಡೆಯ ಹಾಡಿಯವನು, ಜೇನು ಕುರುಬ ಸಮುದಾಯದವನು. ಕಲಾ ವಿಭಾಗದಲ್ಲಿ ಪಿಯುಸಿ ಪಾಸಾಗಿದ್ದೇನೆ. ನಮ್ಮ ಹಾಡಿಯಲ್ಲಿ ಇಷ್ಟು ಓದಿದವರು ಕಡಿಮೆ. ಕಾಡು ನನಗೆ ಚೆನ್ನಾಗಿ ಗೊತ್ತು. ಅರಣ್ಯ ಇಲಾಖೆಯಲ್ಲಿ ಕೆಲಸಕ್ಕೆ ಪ್ರಯತ್ನಿಸಲೇ, ಇನ್ನೂ ಓದಲೇ?

ಉತ್ತರ: ಈ ಬಾರಿ ಬಂದ ಪತ್ರಗಳಲ್ಲಿ ನಾನು ಹೆಚ್ಚು ಹೊತ್ತು ಯೋಚಿಸಿದ್ದು ನಿಮ್ಮ ಪತ್ರದ ಬಗ್ಗೆ. ಗಸ್ತು ಅರಣ್ಯ ಪಾಲಕ ಹುದ್ದೆಗೆ ಪಿಯುಸಿ ಸಾಕು, ಅರಣ್ಯ ವೀಕ್ಷಕ ಹುದ್ದೆಗೆ ಎಸ್ಸೆಸ್ಸೆಲ್ಸಿ ಸಾಕು. ಅಧಿಸೂಚನೆ ಬಂದಾಗ ಎರಡಕ್ಕೂ ಅರ್ಜಿ ಹಾಕಿ. ಆದರೆ ಅಧಿಸೂಚನೆಗಾಗಿ ಕಾಯುತ್ತ ಮನೆಯಲ್ಲಿ ಉಳಿಯಬೇಡಿ, ಪದವಿಗೆ ಸೇರಿ. ಕಲಾ ವಿಭಾಗದಿಂದ ಬಂದವರು ಅರಣ್ಯ ವಿಜ್ಞಾನಕ್ಕಾಗಲಿ ಭಾರತೀಯ ಅರಣ್ಯ ಸೇವೆಗಾಗಲಿ ಹೋಗಲಾಗುವುದಿಲ್ಲ ಎಂಬುದನ್ನು ಮೊದಲೇ ತಿಳಿಸುವುದು ನನ್ನ ಕರ್ತವ್ಯ, ಏಕೆಂದರೆ ಇದನ್ನು ಮೂರು ವರ್ಷ ಕಳೆದ ಮೇಲೆ ತಿಳಿದು ನೊಂದವರಿದ್ದಾರೆ. ನಿಮಗೆ ಹೊಂದುವುದು ಸಮಾಜಶಾಸ್ತ್ರ ಅಥವಾ ಇತಿಹಾಸ ಇರುವ ಬಿಎ, ಇಲ್ಲವೇ ಸಮಾಜಕಾರ್ಯದ ಪದವಿಯಾದ ಬಿಎಸ್‌ಡಬ್ಲ್ಯು. ಮುಂದೆ ಮಾನಸಗಂಗೋತ್ರಿಯಲ್ಲಿ ಮಾನವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮಾಡಬಹುದು. ಬುಡಕಟ್ಟು ಸಮುದಾಯಗಳ ಬಗೆಗಿನ ರಾಜ್ಯದ ಸಂಶೋಧನಾ ಸಂಸ್ಥೆಯೂ ಮೈಸೂರಿನಲ್ಲೇ ಇದೆ.

ನಿಮಗೆ ಗೊತ್ತಿರುವ ಕಾಡಿನ ಜ್ಞಾನವನ್ನು ಓದಿಗಿಂತ ಕಡಿಮೆಯೆಂದು ಎಣಿಸಬೇಡಿ. ಯಾವ ಮರದ ಪೊಟರೆಯಲ್ಲಿ ತುಡುವೆ ಜೇನು ಯಾವ ಹೂವಿನ ಕಾಲಕ್ಕೆ ಕಟ್ಟುತ್ತದೆ, ಬೆಂಕಿಯ ನಂತರ ಯಾವ ಗಿಡ ಮೊದಲು ಚಿಗುರುತ್ತದೆ, ಲಂಟಾನ ಹಬ್ಬಿದ ಕಡೆ ಯಾವ ಗೆಡ್ಡೆ ಸಿಗದಾಯಿತು ಎಂಬುದನ್ನು ನಿಮ್ಮ ಹಿರಿಯರಷ್ಟು ನಿಖರವಾಗಿ ಹೇಳಬಲ್ಲವರು ಕಾಲೇಜುಗಳಲ್ಲಿ ವಿರಳ. 2002ರ ಜೀವವೈವಿಧ್ಯ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆಗೂ ಅದರ ಅರಣ್ಯ ಹಕ್ಕು ಸಮಿತಿಗೂ ಅಧಿಕಾರವಿದೆ. ಇವೆರಡೂ ಕಾಗದದ ಮೇಲೆ ಉಳಿಯದೆ ಹಾಡಿಗೆ ಉಪಯೋಗವಾಗಬೇಕಾದರೆ, ಅರ್ಜಿಯ ಭಾಷೆಯನ್ನೂ ಕಾಡಿನ ಭಾಷೆಯನ್ನೂ ಬಲ್ಲ ನಿಮ್ಮಂಥವರೇ ಮುಂದೆ ಬರಬೇಕು. ಕಾಡನ್ನು ಉಳಿಸುವ ಕೆಲಸ ಕಾಡಿನ ಜನರನ್ನು ಹೊರಗಿಟ್ಟು ನಡೆಯಬಾರದು ಎಂದು ನಂಬಿರುವವನು ನಾನು.

ಖರ್ಚಿನ ವಿಷಯ: ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ, ಅದಕ್ಕೆ ರಾಜ್ಯದ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಸರ್ಕಾರಿ ಹಾಸ್ಟೆಲಿಗೆ ಬೇರೆ ಅರ್ಜಿ. ಆಧಾರ್, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಮತ್ತು ಬ್ಯಾಂಕ್ ಖಾತೆಯಲ್ಲಿ ನಿಮ್ಮ ಹೆಸರಿನ ಅಕ್ಷರಗಳು ಒಂದೇ ರೀತಿ ಇವೆಯೇ ಎಂದು ನೋಡಿಕೊಳ್ಳಿ. ವ್ಯತ್ಯಾಸವಿದ್ದರೆ ಕಾಲೇಜು ಸೇರುವ ಮೊದಲೇ ನಾಡಕಚೇರಿಗೆ ಹೋಗಿ ಸರಿಮಾಡಿಸಿ. ಅಂತರ್ಜಾಲ ಸಿಗದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿಯೋ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿಯಲ್ಲಿಯೋ ಸಹಾಯ ಕೇಳಿ. ಅರ್ಜಿ ಹಾಕಿದ ಮೇಲೆ ಬರುವ ಸಂಖ್ಯೆಯನ್ನು ಎರಡು ಕಡೆ ಬರೆದಿಟ್ಟುಕೊಳ್ಳಿ, ಹಣ ತಡವಾದರೆ ವಿಚಾರಿಸಲು ಅದೇ ಬೇಕಾಗುತ್ತದೆ. ಕಾಲೇಜು ಸೇರಿದ ಮೇಲೆ ಯಾವ ವಿಷಯಗಳನ್ನು ಆರಿಸಿಕೊಂಡಿರಿ ಎಂದು ನಮಗೆ ಬರೆಯಿರಿ.